ಒಳ್ಳೆ ಬಿಸಿಲು ಇರುವಾಗಲೇ ಸೋಲಾರ್ ಇನ್ವರ್ಟರ್ ನಿಂತುಹೋಗುತ್ತದೆ, ಯಾರಿಗಾದರೂ ಹೀಗಾಗಿದೆಯಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಹಳ್ಳಿ, ಅಡಿಕೆ ತೋಟ, ಲೈನಿನಲ್ಲಿ ಕೊನೆಯ ಮನೆ ನಮ್ಮದು. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದೆವು. ಸಬ್ಸಿಡಿ 78,000 ಬಂತು, ಅದರಲ್ಲಿ ತಕರಾರಿಲ್ಲ. ಮಳೆಗಾಲದಲ್ಲಿ ಹೇಗೋ ನಡೆಯಿತು. ಈಗ ಮೋಡ ಸರಿದು ಬಿಸಿಲು ಬಿದ್ದ ಮೇಲೆ ತಾಪತ್ರಯ ಶುರುವಾಗಿದೆ. ಬೆಳಿಗ್ಗೆ ಹನ್ನೊಂದರವರೆಗೆ ಚೆನ್ನಾಗಿ ಓಡುತ್ತದೆ. ಆಮೇಲೆ ಡಬ್ಬದೊಳಗಿಂದ ಟಕ್ ಅಂತ ಶಬ್ದ, ಕೆಂಪು ದೀಪ, ಪರದೆ ಮೇಲೆ ‘ಗ್ರಿಡ್ ಓವರ್ ವೋಲ್ಟೇಜ್’. ಒಂದು ನಿಮಿಷ ಬಿಟ್ಟು ತಾನೇ ಶುರುವಾಗುತ್ತದೆ, ಎರಡು ಮೂರು ನಿಮಿಷ ಓಡಿ ಮತ್ತೆ ಟಕ್. ನಿನ್ನೆ ಜಗಲಿಯಲ್ಲಿ ಕೂತು ಎಣಿಸಿದೆ, 12ರಿಂದ 1 ಗಂಟೆಯೊಳಗೆ 14 ಸಲ. ದಿನಕ್ಕೆ 12 ಯೂನಿಟ್ ಬರುತ್ತದೆ ಅಂದಿದ್ದರು, ಈಗ 7 ದಾಟುತ್ತಿಲ್ಲ.

ಹಾಕಿದ ಕಂಪನಿಯವರು ಲೈನ್ ಸರಿ ಇಲ್ಲ ಅನ್ನುತ್ತಾರೆ. ಸೆಕ್ಷನ್ ಆಫೀಸಿನವರು ನಿಮ್ಮ ಇನ್ವರ್ಟರ್ ಸರಿ ಇಲ್ಲ ಅನ್ನುತ್ತಾರೆ. ನನಗೆ ಅರ್ಥವಾಗದ್ದು ಇದು: ಸಂಜೆ ನಮ್ಮಲ್ಲಿ ದೀಪ ಮಂಕು, ಮಿಕ್ಸಿ ಸರಿಯಾಗಿ ತಿರುಗುವುದಿಲ್ಲ, 180 ವೋಲ್ಟ್ ಇರುತ್ತದೆ. ಅದೇ ಲೈನಿನಲ್ಲಿ ಮಧ್ಯಾಹ್ನ ವೋಲ್ಟೇಜ್ ಜಾಸ್ತಿ ಅಂದರೆ ನಂಬುವುದು ಹೇಗೆ?

ಕರಾವಳಿ ಕಾಗೆ
ನಮ್ಮಲ್ಲೂ ಸೇಮ್. ಉತ್ತರಕ್ಕೆ ಕಾಯುತ್ತೇನೆ.

ಬಳ್ಳಾರಿ ಬಿಸಿಲು
ಪೀಸ್ ಸರಿ ಇಲ್ಲ. ವಾರಂಟಿಯಲ್ಲಿ ಬದಲಾಯಿಸಿಕೊಡಿ ಅಂತ ಪಟ್ಟು ಹಿಡಿಯಿರಿ.

ವೈರಿಂಗ್ ಮೇಸ್ತ್ರಿ
ಬದಲಾಯಿಸಬೇಡಿ. ಹೊಸದು ತಂದರೂ ಅದೂ ಟಕ್ ಅನ್ನುತ್ತದೆ. ನಿಮ್ಮ ಇನ್ವರ್ಟರ್ ಕಾನೂನು ಪಾಲಿಸುತ್ತಿದೆ ಅಷ್ಟೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಇದೆ: ವೋಲ್ಟೇಜ್ 110 ಪರ್ಸೆಂಟ್ ದಾಟಿದರೆ ಅಥವಾ 80 ಪರ್ಸೆಂಟಿಗಿಂತ ಕೆಳಗಿಳಿದರೆ 2 ಸೆಕೆಂಡಿನೊಳಗೆ ಲೈನಿನಿಂದ ಕಳಚಿಕೊಳ್ಳಬೇಕು. 230ಕ್ಕೆ 110 ಪರ್ಸೆಂಟ್ ಅಂದರೆ 253. ಅದು ದಾಟಿದ ಕೂಡಲೇ ಒಳಗಿನ ರಿಲೇ, ಅಂದರೆ ತಾನಾಗಿ ತೆರೆಯುವ ಸ್ವಿಚ್ಚು, ಬಿಡುತ್ತದೆ, ಅದೇ ನಿಮ್ಮ ಟಕ್.

ಸಂಜೆ 180, ಮಧ್ಯಾಹ್ನ 253 ಹೇಗೆ ಅಂತ ಕೇಳಿದಿರಿ. ತೋಟದ ಕೊನೆಗೆ ಹೋದ ಸಣ್ಣ ಪೈಪ್ ನೆನೆಸಿಕೊಳ್ಳಿ. ಆ ತುದಿಯಲ್ಲಿ ನೀರು ಎಳೆದರೆ ಪ್ರೆಷರ್ ಬೀಳುತ್ತದೆ. ಅದೇ ತುದಿಯಿಂದ ಹಿಂದಕ್ಕೆ ನೀರು ತಳ್ಳಬೇಕಾದರೆ ಪ್ರೆಷರ್ ಏರಿಸಲೇಬೇಕು. ಪೈಪ್ ಎಷ್ಟು ಸಣ್ಣದೋ ಅಷ್ಟು ಜಾಸ್ತಿ. ಸಂಜೆ ಎಲ್ಲರೂ ಎಳೆಯುತ್ತೀರಿ, ಮಧ್ಯಾಹ್ನ ನೀವು ಸೋಲಾರ್ ಕರೆಂಟನ್ನು ಲೈನಿಗೆ ತಳ್ಳುತ್ತೀರಿ. ಎರಡೂ ಕಾಯಿಲೆಗೆ ಕಾರಣ ಒಂದೇ, ಉದ್ದದ ಸಣ್ಣ ವೈರು.

ಒಂದು ಕೆಲಸ ಮಾಡಿ. ಇನ್ವರ್ಟರ್ ಪೂರ್ತಿ ಓಡುತ್ತಿರುವಾಗ ಅದರ ಪರದೆ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ಅದೇ ಹೊತ್ತಿಗೆ ಮೀಟರ್ ತೋರಿಸುವ ವೋಲ್ಟೇಜ್ ಇನ್ನೊಬ್ಬರು ನೋಡಲಿ. ಛಾವಣಿಯಿಂದ ಮೀಟರ್‌ಗೆ ವೈರ್ ಎಷ್ಟು ಉದ್ದ, ಎಷ್ಟು ಸ್ಕ್ವೇರ್ ಎಂಎಂ ಅಂತಲೂ ಹಾಕಿ.

ಅಮ್ಮನ ಅಡುಗೆಮನೆ
ಅದಕ್ಕೂ ಮೊದಲು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರ್) ನೋಡಿಸಿ ದಯವಿಟ್ಟು. ಮೂರು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಕಂಬದ ಮೇಲೆ ನ್ಯೂಟ್ರಲ್ ಸಡಿಲವಾಗಿತ್ತು. ನಾವೆಲ್ಲ ವೋಲ್ಟೇಜ್ ಏರಿಳಿತ ಅಂತ ಸುಮ್ನೆ ಇದ್ದೆವು. ಒಂದು ರಾತ್ರಿ ನಮ್ಮ ಫೇಸಿನಲ್ಲಿ ದೀಪ ಬೆಳ್ಳಗೆ ಉರಿದು, ಫ್ರಿಜ್ಜು, ಟಿವಿ, ಸೆಟ್‌ಟಾಪ್ ಬಾಕ್ಸ್ ಮೂರೂ ಹೋದವು. ಎದುರುಮನೆಯಲ್ಲಿ ಅದೇ ಹೊತ್ತಿಗೆ ದೀಪ ಮಿಣುಕುತ್ತಿತ್ತಂತೆ. ಸುಟ್ಟ ವಾಸನೆ ಎರಡು ದಿನ ಹೋಗಲಿಲ್ಲ.

ವೈರಿಂಗ್ ಮೇಸ್ತ್ರಿ
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಮೊದಲು ಹೇಳಬೇಕಿತ್ತು. ಒಂದು ಫೇಸ್ ಏರುವಾಗ ಇನ್ನೊಂದು ಇಳಿಯುತ್ತಿದ್ದರೆ ಅದು ನ್ಯೂಟ್ರಲ್ ಸಮಸ್ಯೆ, ಅದನ್ನು ಒಂದು ದಿನವೂ ಹಾಗೇ ಬಿಡಬಾರದು. ಪವರ್‌ಮ್ಯಾನ್ ಕರೆಸಿ ಮೂರೂ ಫೇಸ್ ಅಳೆಯಿಸಿ. ನೀವಾಗಿ ಕಂಬದ ಹತ್ತಿರ ಹೋಗಬೇಡಿ.

ದಾವಣಗೆರೆ ಬೆಣ್ಣೆ
ಇಷ್ಟೆಲ್ಲ ಯಾಕೆ? ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ ದೇಶ ಆರಿಸುವ ಜಾಗ ಇರುತ್ತದೆ. ಬೇರೆ ದೇಶ ಹಾಕಿದರೆ ಲಿಮಿಟ್ ಮೇಲೆ ಹೋಗುತ್ತದೆ, ಕೆಲವದರಲ್ಲಿ ಕೈಯಾರೆ 270, 280 ಹಾಕಬಹುದು. ನಮ್ಮ ಪಕ್ಕದವರಿಗೆ ಹಾಕಿದ ಹುಡುಗ ಹಾಗೇ ಮಾಡಿಕೊಟ್ಟ. ಐದು ನಿಮಿಷದ ಕೆಲಸ.

ವೈರಿಂಗ್ ಮೇಸ್ತ್ರಿ
ಬೆಣ್ಣೆ ಅವರೇ, ಇದು ಸಲಹೆ ಅಲ್ಲ, ಅಪಾಯ. 270 ವೋಲ್ಟ್ ನಿಮ್ಮ ಇನ್ವರ್ಟರಿನಲ್ಲಿ ಮಾತ್ರ ಇರುವುದಿಲ್ಲ. ಅದೇ ಫೇಸಿನ ಪಕ್ಕದ ಮನೆಗೂ ಏರಿದ ವೋಲ್ಟೇಜೇ ಹೋಗುತ್ತದೆ. ಅವರ ಎಲ್‌ಇಡಿ ಬಲ್ಬು ತಿಂಗಳಿಗೊಂದು ಹೋದರೆ ಅವರು ಬಲ್ಬಿನ ಕಂಪನಿಯನ್ನು ಬೈಯುತ್ತಾರೆ, ಕಾರಣ ನಿಮ್ಮ ಛಾವಣಿ ಮೇಲಿರುತ್ತದೆ.

ದಾವಣಗೆರೆ ಬೆಣ್ಣೆ
ಹಾಗಾದರೆ ದುಡ್ಡು ಹಾಕಿದವನು ಬಿಸಿಲು ನೋಡುತ್ತಾ ಕೂರಬೇಕಾ? ಲೈನ್ ಸರಿಮಾಡುವುದು ಅವರ ಕೆಲಸ, ನಷ್ಟ ಮಾತ್ರ ನಮಗೆ.

ಕಂಬದ ಮಗ
ನಷ್ಟದ ಮಾತು ಸರಿ. ಆದರೆ ಆ ಸೆಟ್ಟಿಂಗ್ ಮುಟ್ಟುವವರಿಗೆ ಒಂದು ವಿಷಯ ಹೇಳಬೇಕು. ನಮ್ಮಪ್ಪ ಲೈನ್‌ಮ್ಯಾನ್ ಆಗಿದ್ದರು. ಒಮ್ಮೆ ಸ್ಟೇಷನ್‌ನಿಂದ ಲೈನ್ ತೆಗೆಸಿ, ಲೈನ್ ಸತ್ತಿದೆ ಅಂತ ಖಾತ್ರಿ ಮಾಡಿಕೊಂಡು ಕಂಬ ಹತ್ತಿದ್ದರು. ಅಷ್ಟರಲ್ಲಿ ಒಂದು ಮನೆಯವರು ಜನರೇಟರ್ ಶುರುಮಾಡಿದರು. ಚೇಂಜ್‌ಓವರ್ ಸ್ವಿಚ್ ಇರಲಿಲ್ಲ, ನೇರ ವೈರಿಂಗಿಗೆ ಕೊಟ್ಟಿದ್ದರು. ಕರೆಂಟು ಹಿಂದಕ್ಕೆ ಬಂತು. ಅಪ್ಪ ಬದುಕಿದರು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ, ಊಟ ಕಲಸುವಾಗ ಕಾಣುತ್ತದೆ.

ಸೋಲಾರ್ ಇನ್ವರ್ಟರ್ ಲೈನ್ ಹೋದ ಕೂಡಲೇ ತಾನೂ ನಿಲ್ಲಬೇಕು ಅನ್ನುವುದು ಇಂಥ ಕಾರಣಕ್ಕೆ. ಲೈನ್ ಇದೆಯೋ ಇಲ್ಲವೋ ಅಂತ ಅದು ಪತ್ತೆ ಹಚ್ಚುವುದೇ ವೋಲ್ಟೇಜ್, ಫ್ರೀಕ್ವೆನ್ಸಿ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ, ಮಾಮೂಲಿ 50) ನೋಡಿಕೊಂಡು. ಆ ಗಡಿಗಳನ್ನು ಸಡಿಲ ಮಾಡಿದರೆ ಪತ್ತೆ ಹಚ್ಚುವುದೂ ಸಡಿಲವಾಗುತ್ತದೆ.

ಕರಾವಳಿ ಕಾಗೆ
ಓದಿ ಮೈ ಜುಂ ಅಂದಿತು. ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ.

ಹೊಸ ಮನೆ 2024
ಒಂದು ನಿಮಿಷ. ಹಾಗಾದರೆ ಕರೆಂಟು ಹೋದಾಗ ಸೋಲಾರ್ ಕೆಲಸ ಮಾಡುವುದಿಲ್ಲವಾ? ನಾವು ಅದಕ್ಕೇ ಹಾಕಿಸಬೇಕು ಅಂತಿದ್ದೆವು.

ವೈರಿಂಗ್ ಮೇಸ್ತ್ರಿ
ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ್ದು, ಮಾಡುವುದಿಲ್ಲ. ಬ್ಯಾಟರಿ ಇರುವ ಹೈಬ್ರಿಡ್ ತಗೊಂಡರೆ ಲೈನ್ ಕಳಚಿಕೊಂಡು ಮನೆಗೆ ಮಾತ್ರ ಕೊಡುತ್ತದೆ. ದುಡ್ಡು ಜಾಸ್ತಿ. ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಹಾಕಿದ ಮೇಲೆ ಜಗಳ ಮಾಡುವವರೇ ಜಾಸ್ತಿ.

ಅಮ್ಮನ ಅಡುಗೆಮನೆ
ನಮ್ಮ ಹಳೆ ಯುಪಿಎಸ್‌ನಲ್ಲಿ ಫ್ಯಾನ್ ಗುಂಯ್ ಅನ್ನುತ್ತದೆ, ಅದೂ ಇದೇ ಥರದ್ದಾ?

ಐಜಿಬಿಟಿ
ಅದು ಸ್ಕ್ವೇರ್ ವೇವ್ ಯುಪಿಎಸ್ ಇರಬೇಕು ಮೇಡಂ. ಲೈನಿನ ಕರೆಂಟು ಅಲೆಯ ಹಾಗೆ ನಯವಾಗಿ ಏರಿಳಿಯುತ್ತದೆ. ಆ ಯುಪಿಎಸ್ ಮೆಟ್ಟಿಲಿನ ಹಾಗೆ ಧಡಕ್ಕನೆ ಏರಿಸಿ ಇಳಿಸುತ್ತದೆ, ಫ್ಯಾನಿನ ಮೋಟಾರ್ ಆ ಧಕ್ಕೆಗೆ ಗುಂಯ್‌ಗುಡುತ್ತದೆ. ಸೈನ್ ವೇವ್ ತಗೊಂಡರೆ ನಿಲ್ಲುತ್ತದೆ. ಸೋಲಾರ್ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆನ್ ಆಫ್ ಮಾಡಿ ನಯವಾದ ಅಲೆ ಕಟ್ಟುತ್ತದೆ.

ನಾನು ಬೆಂಗಳೂರಿನಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುತ್ತೇನೆ, ಆದ್ದರಿಂದ ತೋಟದಮನೆಯವರ ಪ್ರಶ್ನೆಗೂ ಎರಡು ಮಾತು. ಗಡಿ ದಾಟಿದ ಕೂಡಲೇ ಟಕ್ ಅಂತ ಬಿಟ್ಟುಹೋಗುವುದು ಹಳೆಯ ಕಾಲದ ಬುದ್ಧಿ. ಛಾವಣಿ ಮೇಲೆ ನೂರು ಮನೆಗೊಂದು ಸೋಲಾರ್ ಇದ್ದಾಗ ಅದು ಸಾಕಿತ್ತು. ಈಗಿನ ಇನ್ವರ್ಟರಿಗೆ ಬೇರೆ ಎರಡು ವಿದ್ಯೆ ಗೊತ್ತಿದೆ. ಒಂದು, ವೋಲ್ಟೇಜ್ ಏರುತ್ತಾ ಬಂದರೆ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬಂದು ಮಾಡುವ, ಆದರೆ ವೋಲ್ಟೇಜ್ ಏರಿಳಿಸುವ ಪವರ್) ಎಳೆದುಕೊಂಡು ಅದನ್ನು ಕೆಳಗೆ ಜಗ್ಗುವುದು. ಇನ್ನೊಂದು, ಪೂರ್ತಿ ನಿಲ್ಲುವ ಬದಲು ಉತ್ಪಾದನೆಯನ್ನೇ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗುವುದು. ಡಬ್ಬದೊಳಗೆ ಎರಡೂ ಇರುತ್ತವೆ, ತುಂಬಾ ಕಡೆ ಆಫ್ ಆಗಿ ಕೂತಿರುತ್ತವೆ. ಕಂಪನಿಯವರನ್ನು ಇದನ್ನೇ ಹೆಸರು ಹಿಡಿದು ಕೇಳಿ: ಮೊದಲನೆಯದು ವೋಲ್ಟ್‌ವಾರ್, ಎರಡನೆಯದು ವೋಲ್ಟ್‌ವ್ಯಾಟ್. ಎಸ್ಕಾಂನವರ ಒಪ್ಪಿಗೆ ತಗೊಂಡು ಅವರೇ ಆನ್ ಮಾಡಲಿ.

ಒಂದು ಎಚ್ಚರಿಕೆ. ಹಳ್ಳಿಯ ಎಲ್‌ಟಿ ಲೈನಿನಲ್ಲಿ (ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಬರುವ ಲೈನು) ಮೊದಲನೆಯದರಿಂದ ಅಷ್ಟು ಲಾಭ ಸಿಗುವುದಿಲ್ಲ. ಸಣ್ಣ ವೈರಿನಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ರಿಯಾಕ್ಟಿವ್ ಪವರ್ ವೋಲ್ಟೇಜನ್ನು ಜಗ್ಗಲು ಬೇಕಾದ ರಿಯಾಕ್ಟೆನ್ಸ್ ಕಡಿಮೆ. ದೊಡ್ಡ ಲೈನುಗಳಲ್ಲಿ ಅದರ ಉಲ್ಟಾ, ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಅಡಿಲೇಡಿನಿಂದ
ನಮ್ಮಲ್ಲಿ ಎರಡೂ ಕಡ್ಡಾಯ. 2020ರ ಆಸ್ಟ್ರೇಲಿಯಾದ ಮಾನದಂಡದಲ್ಲಿ ನಮ್ಮ ಕಡೆಗೆ ಇರುವ ಲೆಕ್ಕ ಹೀಗೆ: 240 ವೋಲ್ಟಿನಿಂದಲೇ ರಿಯಾಕ್ಟಿವ್ ಎಳೆಯಲು ಶುರು. 253 ದಾಟಿದರೆ ಉತ್ಪಾದನೆ ಇಳಿಸುತ್ತಾ ಹೋಗುತ್ತದೆ, 260ಕ್ಕೆ ಬರುವಾಗ 20 ಪರ್ಸೆಂಟ್. ನಮ್ಮ ಮನೆಯ ಗ್ರಾಫ್‌ನಲ್ಲಿ ಮಧ್ಯಾಹ್ನ ಗುಡ್ಡದ ನೆತ್ತಿ ಸ್ವಲ್ಪ ಚಪ್ಪಟೆ ಆಗುತ್ತದೆ, ಅಷ್ಟೇ. ತೋಟದಮನೆಯವರ ಗ್ರಾಫ್ ಬಾಚಣಿಗೆ ಹಲ್ಲಿನ ಹಾಗೆ ಇರಬೇಕು ಈಗ.

ಇಲ್ಲಿ ಇದನ್ನೆಲ್ಲ ಕಷ್ಟಪಟ್ಟೇ ಕಲಿತರು. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ದೊಡ್ಡ ಲೈನಿನ ಟವರುಗಳು ಉರುಳಿ, ಇಡೀ ಸೌತ್ ಆಸ್ಟ್ರೇಲಿಯಾ ಕತ್ತಲಾಯಿತು. ಟವರ್ ಬಿದ್ದದ್ದು ಮಾತ್ರ ಕಾರಣ ಅಲ್ಲ. ವೋಲ್ಟೇಜ್ ಮತ್ತೆ ಮತ್ತೆ ಕುಸಿದಾಗ ಇಷ್ಟು ಸಲ ಆದರೆ ಸಾಕು, ಬಿಟ್ಟುಬಿಡು ಅಂತ ಕೆಲವು ಗಾಳಿ ಗಿರಣಿಗಳ ಸೆಟ್ಟಿಂಗ್ ಇತ್ತು. ಗ್ರಿಡ್ ನಡೆಸುವವರಿಗೇ ಆ ಸೆಟ್ಟಿಂಗ್ ಗೊತ್ತಿರಲಿಲ್ಲ. ಮರುವರ್ಷವೇ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಬಂತು.

ಮ್ಯೂನಿಕ್ ಮಳೆ
ಸೆಟ್ಟಿಂಗ್ ಅಂದ ಕೂಡಲೇ ಇಲ್ಲಿನ ಕತೆ ಹೇಳಲೇಬೇಕು. ಜರ್ಮನಿಯಲ್ಲಿ ಹಿಂದೆ ಫ್ರೀಕ್ವೆನ್ಸಿ 50.2 ದಾಟಿದರೆ ಎಲ್ಲ ಮನೆಯ ಇನ್ವರ್ಟರೂ ಬಂದ್ ಆಗಬೇಕು ಅಂತ ನಿಯಮ ಇತ್ತು. ಸೋಲಾರ್ ಕಡಿಮೆ ಇದ್ದಾಗ ತೊಂದರೆ ಇಲ್ಲ. ಛಾವಣಿ ಛಾವಣಿಗೂ ಬಂದ ಮೇಲೆ ಲೆಕ್ಕ ಹಾಕಿದರೆ, 50.2 ಮುಟ್ಟಿದ ಕ್ಷಣಕ್ಕೆ ಸಾವಿರಾರು ಮೆಗಾವ್ಯಾಟ್ ಒಟ್ಟಿಗೇ ಮಾಯ. ಅದೇ ಗ್ರಿಡ್ಡನ್ನು ಬೀಳಿಸಬಹುದಿತ್ತು. 2012ರಲ್ಲಿ ಕಾನೂನು ತಂದು ಲಕ್ಷಗಟ್ಟಲೆ ಹಳೆ ಇನ್ವರ್ಟರುಗಳ ಸೆಟ್ಟಿಂಗ್ ಮನೆಮನೆಗೆ ಹೋಗಿ ಬದಲಾಯಿಸಿದರು. ಮೊದಲೇ ಸರಿ ಬರೆದಿದ್ದರೆ ಆ ಓಡಾಟ ಉಳಿಯುತ್ತಿತ್ತು. ನಮ್ಮ ದೇಶದಲ್ಲಿ ಈಗ 1 ಕೋಟಿ ಮನೆಗೆ ಹಾಕುವ ಯೋಜನೆ ನಡೆಯುತ್ತಿದೆ. ಈ ವಿಷಯ ಈಗಲೇ ಯೋಚಿಸಬೇಕಾದ್ದು, ಅಲ್ವಾ?

ಬಳ್ಳಾರಿ ಬಿಸಿಲು
ಇದಕ್ಕೇ ನಾನು ಹೇಳುವುದು, ಸೋಲಾರ್ ನಂಬಿದರೆ ಕತ್ತಲೆಯೇ ಗತಿ. ಸ್ಪೇನಿನಲ್ಲಿ 2025ರಲ್ಲಿ ಏನಾಯಿತು ನೋಡಿದಿರಲ್ಲ. ಮಧ್ಯಾಹ್ನ ಸೋಲಾರ್ ಜಾಸ್ತಿ ಆಗಿ ಎರಡು ದೇಶ ಕತ್ತಲಾದವು.

ಐಜಿಬಿಟಿ
ಪೂರ್ತಿ ಸರಿ ಅಲ್ಲ. 2025ರ ಏಪ್ರಿಲ್ 28, ಅಲ್ಲಿನ ಮಧ್ಯಾಹ್ನ 12:33. ಸ್ಪೇನ್, ಪೋರ್ಚುಗಲ್ ಎರಡೂ ಬಿದ್ದವು, ಅದು ನಿಜ. ಆದರೆ ಬಿದ್ದ ಬಗೆ ನೋಡಿ. ದೊಡ್ಡ ಲೈನುಗಳಲ್ಲಿ ವೋಲ್ಟೇಜ್ ಏರಿತು. ಕೆಲವು ಉತ್ಪಾದಕರು ಓವರ್ ವೋಲ್ಟೇಜ್ ಅಂತ ಕಳಚಿಕೊಂಡರು. ಅವರು ರಿಯಾಕ್ಟಿವ್ ಎಳೆಯುತ್ತಿದ್ದರು, ಹೋದದ್ದರಿಂದ ವೋಲ್ಟೇಜ್ ಇನ್ನೂ ಏರಿತು, ಇನ್ನಷ್ಟು ಜನ ಕಳಚಿಕೊಂಡರು. ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ಅಲ್ಲಿನ ಬಹಳಷ್ಟು ಸೋಲಾರ್ ಸ್ಥಾವರಗಳು ಪವರ್ ಫ್ಯಾಕ್ಟರ್ (ಒಟ್ಟು ಪವರಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು) ಇಷ್ಟೇ ಅಂತ ಒಂದೇ ಮಟ್ಟಕ್ಕೆ ಕಟ್ಟಿಹಾಕಿದ ಸೆಟ್ಟಿಂಗ್‌ನಲ್ಲಿ ಓಡುತ್ತಿದ್ದವು. ವೋಲ್ಟೇಜ್ ನೋಡಿಕೊಂಡು ತಾವಾಗಿ ಹಿಡಿಯುವ ಕೆಲಸ ಅವುಗಳಿಗೆ ಕೊಟ್ಟಿರಲಿಲ್ಲ. ವೋಲ್ಟೇಜ್ ಹಿಡಿಯಬೇಕಾಗಿದ್ದ ಮಾಮೂಲಿ ಸ್ಥಾವರಗಳೂ ಹೇಳಿದಷ್ಟು ಹಿಡಿಯಲಿಲ್ಲ.

ತೋಟದಮನೆಯವರ ಛಾವಣಿ ಮೇಲೆ ಗಂಟೆಗೆ 14 ಸಲ ಆಗುತ್ತಿರುವುದೂ ಇದೇ ಜಾತಿಯದು, ಅಳತೆ ಮಾತ್ರ ಬೇರೆ. ಬಿಸಿಲನ್ನು ಬೈದರೆ ಏನೂ ಸರಿಹೋಗುವುದಿಲ್ಲ. ಇನ್ವರ್ಟರಿಗೆ ಕೆಲಸ ಕೊಡಬೇಕು, ಕೊಟ್ಟ ಕೆಲಸ ಮಾಡುತ್ತದಾ ಅಂತ ನೋಡಬೇಕು.

ಬಳ್ಳಾರಿ ಬಿಸಿಲು
ಸರಿ, ಅಷ್ಟು ವಿವರ ಗೊತ್ತಿರಲಿಲ್ಲ. ಆದರೂ ದೊಡ್ಡ ಚಕ್ರ ತಿರುಗುವ ಸ್ಥಾವರ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

220 ಕೆವಿ ನಿವೃತ್ತ
ಅದರಲ್ಲಿ ನಾನು ನಿಮ್ಮ ಪಕ್ಷ. ಮೂವತ್ತು ವರ್ಷ ಸ್ಟೇಷನ್‌ನಲ್ಲಿ ಕೂತು ಫ್ರೀಕ್ವೆನ್ಸಿ ಮೀಟರ್ ನೋಡಿದವನು. ಶರಾವತಿಯಲ್ಲಿ 10 ಜನರೇಟರ್ ಯೂನಿಟ್, ಒಟ್ಟು 1,035 ಮೆಗಾವ್ಯಾಟ್. ಎಲ್ಲಾದರೂ ಒಂದು ದೊಡ್ಡ ಯೂನಿಟ್ ಬಿಟ್ಟುಹೋದರೆ ಆ ಭಾರದ ಚಕ್ರಗಳು ತಮ್ಮ ಓಟದ ಬಲದಲ್ಲೇ ಒಂದೆರಡು ಸೆಕೆಂಡ್ ಗ್ರಿಡ್ಡನ್ನು ಹೊತ್ತುಕೊಳ್ಳುತ್ತವೆ. ಅಷ್ಟರಲ್ಲಿ ಗವರ್ನರ್ (ಚಕ್ರದ ವೇಗ ಕಾಯುವ ಯಂತ್ರ) ನೀರು ತೆರೆಯುತ್ತದೆ. ಇನ್ವರ್ಟರಿಗೆ ಆ ಭಾರ ಇಲ್ಲ.

ಈಗ ತೋಟದಮನೆ ಅವರಿಗೆ. ನಿಮ್ಮ ಟೀಸಿ (ಊರಿನ ಟ್ರಾನ್ಸ್‌ಫಾರ್ಮರ್) ಮೇಲೆ ಒಂದು ತಗಡಿನ ಫಲಕ ಇರುತ್ತದೆ, ಕೆಳಗಿನಿಂದಲೇ ಓದಬಹುದು. 11000/433 ಅಂತ ಬರೆದಿರುತ್ತದೆ. 433 ಎರಡು ಫೇಸಿನ ನಡುವಿನ ವೋಲ್ಟೇಜ್, ಒಂದು ಫೇಸಿಗೆ ಎಷ್ಟು ಅಂತ ನೋಡಲು 1.732ರಿಂದ ಭಾಗಿಸಿ. 250 ಬರುತ್ತದೆ. ಅಂದರೆ ಲೋಡ್ ಇಲ್ಲದಿದ್ದಾಗ ಟೀಸಿ ಬಾಯಲ್ಲೇ ಒಂದು ಫೇಸಿಗೆ 250 ವೋಲ್ಟ್. ಲೋಡ್ ಬಂದಾಗ ಇಳಿಯಲಿ, ಕೊನೆಯ ಮನೆಗೂ ತಲುಪಲಿ ಅಂತ ಹಾಗೆ ಕಟ್ಟಿದ್ದು. ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತಿದ್ದ ಕಾಲದ ಲೆಕ್ಕ ಅದು. ನಿಮ್ಮ ಇನ್ವರ್ಟರಿಗೆ ಗಡಿ 253. ನಡುವೆ ಉಳಿದದ್ದು ಮೂರೇ ವೋಲ್ಟ್.

ಕರಾವಳಿ ಕಾಗೆ
ಹಾಗಾದರೆ ಟೀಸಿಯ ಟ್ಯಾಪ್ (ವೋಲ್ಟೇಜ್ ಏರಿಸಿ ಇಳಿಸುವ ಕೀಲಿ) ಇಳಿಸಿ ಅಂತ ಅರ್ಜಿ ಕೊಟ್ಟರೆ ಆಯಿತಲ್ಲ?

220 ಕೆವಿ ನಿವೃತ್ತ
ಹಳ್ಳಿಯ 25, 63 ಕೆವಿಎ ಟೀಸಿಗಳಿಗೆ ಸಾಮಾನ್ಯವಾಗಿ ಟ್ಯಾಪ್ ಇರುವುದಿಲ್ಲ. ಟ್ಯಾಪ್ ಇರುವುದು ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರಿಗೆ. ಅಲ್ಲಿ ಇಳಿಸಿದರೆ ಆ ಸ್ಟೇಷನ್ನಿನ ಎಲ್ಲ ಫೀಡರಿಗೂ ಇಳಿಯುತ್ತದೆ, ಆಮೇಲೆ ಪಂಪ್‌ಸೆಟ್ಟಿನವರು ಜಗಳಕ್ಕೆ ಬರುತ್ತಾರೆ. ಅದು ನಾನು ನೋಡಿದ ಜಗಳವೇ.

ಪಾವಗಡದ ಕಡಲೆಕಾಯಿ
ದೊಡ್ಡ ಸೋಲಾರ್ ಮಾತು ಬಂತು ಅಂತ ಬರೆಯುತ್ತಿದ್ದೇನೆ. ತಿರುಮಣಿ, ವಳ್ಳೂರು ಕಡೆ ನಮ್ಮವರೂ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟಿದ್ದಾರೆ. 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ಗುತ್ತಿಗೆಯಿಂದ ಶುರುವಾಗಿದ್ದು. ಅಲ್ಲೂ ಹೀಗೇ ಟಕ್ ಟಕ್ ಅಂತ ನಿಲ್ಲುತ್ತವಾ?

ಐಜಿಬಿಟಿ
ಅಷ್ಟು ಸುಲಭವಾಗಿ ನಿಲ್ಲುವ ಹಾಗಿಲ್ಲ. ದೊಡ್ಡ ಸ್ಥಾವರಗಳಿಗೆ ನಿಯಮವೇ ಬೇರೆ. ಎಲ್ಲೋ ಶಾರ್ಟ್ ಆಗಿ ವೋಲ್ಟೇಜ್ 15 ಪರ್ಸೆಂಟಿಗೆ ಕುಸಿದರೂ 300 ಮಿಲಿಸೆಕೆಂಡ್ ಹಿಡಿದುಕೊಂಡು ನಿಂತಿರಬೇಕು. ಮನೆಯ ಇನ್ವರ್ಟರಿಗೆ ‘ತೊಂದರೆ ಆದರೆ ಬಿಟ್ಟುಹೋಗು’, ದೊಡ್ಡದಕ್ಕೆ ‘ತೊಂದರೆ ಆದರೂ ಬಿಡಬೇಡ’.

ನಿವೃತ್ತ ಸರ್, ನಿಮ್ಮ ಚಕ್ರದ ಮಾತಿಗೆ. ಈಗಿರುವ ಇನ್ವರ್ಟರುಗಳು ಬಹುತೇಕ ಲೈನಿನ ತಾಳ ಕೇಳಿಸಿಕೊಂಡು ಅದಕ್ಕೆ ತಕ್ಕ ಹಾಗೆ ಕುಣಿಯುವವು. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಿದ್ದರೆ ವೇಷಗಳು ಚೆನ್ನಾಗಿ ಕುಣಿಯುತ್ತವೆ. ಭಾಗವತರು ನಿಲ್ಲಿಸಿದರೆ ರಂಗವೇ ನಿಂತುಹೋಗುತ್ತದೆ. ಇಷ್ಟು ದಿನ ಭಾಗವತಿಕೆ ಶರಾವತಿ, ರಾಯಚೂರಿನ ಚಕ್ರಗಳದ್ದು. ಈಗ ಬರುತ್ತಿರುವ ಗ್ರಿಡ್ ಫಾರ್ಮಿಂಗ್ ಇನ್ವರ್ಟರುಗಳು ತಾವೇ ತಾಳ ಹಿಡಿಯುತ್ತವೆ, ಹಿಂದೆ ಬ್ಯಾಟರಿ ಇರಬೇಕು. ವೋಲ್ಟೇಜ್ ತಾವೇ ಕಟ್ಟುತ್ತವೆ, ಫ್ರೀಕ್ವೆನ್ಸಿ ಜಾರಿದರೆ ಮಿಲಿಸೆಕೆಂಡುಗಳಲ್ಲಿ ಪವರ್ ಕೊಡುತ್ತವೆ.

220 ಕೆವಿ ನಿವೃತ್ತ
ಮಿಲಿಸೆಕೆಂಡ್ ಒಪ್ಪಿದೆ. ಆದರೆ ಲೈನ್ ಶಾರ್ಟ್ ಆದಾಗ ಜನರೇಟರ್ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಸುರಿಯುತ್ತದೆ. ಅದನ್ನು ನೋಡಿಯೇ ರಿಲೇ ಬ್ರೇಕರ್ ತೆಗೆಯುವುದು. ನಿಮ್ಮ ಇನ್ವರ್ಟರ್ ಅಷ್ಟು ಕೊಟ್ಟರೆ ಒಳಗಿನ ಸ್ವಿಚ್ಚೇ ಸುಟ್ಟುಹೋಗುತ್ತದೆ, ಅಲ್ವಾ ತಾಯಿ?

ಐಜಿಬಿಟಿ
ಹೌದು ಸರ್. ಸ್ವಲ್ಪ ಜಾಸ್ತಿ ಕೊಡಬಹುದು, ಎರಡು ಪಟ್ಟೂ ಕಷ್ಟ. ಹಾಗಾಗಿ ರಿಲೇಗಳ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಈ ಕ್ಷೇತ್ರದಲ್ಲಿ ನಿಜವಾಗಿ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು ಇದೇ.

220 ಕೆವಿ ನಿವೃತ್ತ
ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸಂತೋಷ. ನಾನೂ ಒಂದು ಒಪ್ಪಿಕೊಳ್ಳಬೇಕು. ಕನ್ವರ್ಟರ್ ನಮ್ಮನ್ನು ಒಮ್ಮೆ ಉಳಿಸಿದೆ. 2012ರ ಜುಲೈ 30, 31, ಎರಡು ದಿನ ಉತ್ತರದ ಗ್ರಿಡ್ ಬಿತ್ತು. ಎರಡನೇ ದಿನ 60 ಕೋಟಿಗೂ ಜಾಸ್ತಿ ಜನರಿಗೆ ಕರೆಂಟಿಲ್ಲ. ದಕ್ಷಿಣ ಬೀಳಲಿಲ್ಲ. ಯಾಕೆ ಅಂದರೆ ಆಗ ನಮ್ಮ ಗ್ರಿಡ್ ಅವರ ಜೊತೆ ಎಸಿ ಲೈನಿನಲ್ಲಿ ಹೆಜ್ಜೆ ಹಾಕುತ್ತಿರಲಿಲ್ಲ. ನಡುವೆ ಇದ್ದದ್ದು ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ) ಕೊಂಡಿಗಳು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಲ್ಲಿ ಬಂದ 500 ಕೆವಿ ಡಿಸಿ ಲೈನ್ ಅದರಲ್ಲಿ ದೊಡ್ಡದು. ಅಲ್ಲಿ ಎಸಿಯನ್ನು ಡಿಸಿ ಮಾಡಿ ಕಳಿಸುತ್ತಾರೆ, ಕೋಲಾರದಲ್ಲಿ ಮತ್ತೆ ಎಸಿ. ಪವರ್ ದಾಟುತ್ತದೆ, ಆ ಕಡೆಯ ಓಲಾಟ ದಾಟುವುದಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಸೇರಿಸಿದ ಮೇಲೆ ಇಡೀ ದೇಶ ಒಂದೇ ತಾಳಕ್ಕೆ ಬಂತು.

ಹೊಸ ಮನೆ 2024
ಕೋಲಾರದಲ್ಲಿ ಇಂಥದ್ದು ಇದೆ ಅಂತ ಗೊತ್ತೇ ಇರಲಿಲ್ಲ. ನಮ್ಮ ತವರು ಅಲ್ಲೇ.

ಪದಪ್ರೇಮಿ
ವಿಷಯ ಬಿಟ್ಟು ಒಂದು ಮಾತು. ಪೇಪರಿನವರು ಟ್ರಾನ್ಸ್‌ಫಾರ್ಮರನ್ನೂ ವಿದ್ಯುತ್ ಪರಿವರ್ತಕ ಅನ್ನುತ್ತಾರೆ, ಕನ್ವರ್ಟರನ್ನೂ ಪರಿವರ್ತಕ ಅನ್ನುತ್ತಾರೆ. ಇನ್ವರ್ಟರಿಗೆ ಬೇರೆ ಪದ ಬೇಡವಾ?

ವೈರಿಂಗ್ ಮೇಸ್ತ್ರಿ
ಟೀಸಿ ಅಂದರೆ ಊರಿಗೆಲ್ಲ ಗೊತ್ತು, ಇನ್ವರ್ಟರ್ ಅಂದರೂ ಗೊತ್ತು. ಅಂಗಡಿಯಲ್ಲಿ ಪರಿವರ್ತಕ ಕೊಡಿ ಅಂದರೆ ಯಾವುದು ಅಂತ ಕೇಳುತ್ತಾರೆ.

ಪದಪ್ರೇಮಿ
ಅದಕ್ಕೇ ಕೇಳಿದ್ದು. ಬೇರೆ ಥ್ರೆಡ್ ಹಾಕುತ್ತೇನೆ.

ತೋಟದಮನೆ
ಎಲ್ಲರಿಗೂ ಧನ್ಯವಾದ, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಳೆದದ್ದು ಹಾಕುತ್ತಿದ್ದೇನೆ. ಮಗ ಇನ್ವರ್ಟರ್ ಹತ್ತಿರ ನಿಂತ, ನಾನು ಮೀಟರ್ ಹತ್ತಿರ, ಫೋನಿನಲ್ಲಿ ಮಾತಾಡುತ್ತಾ. ಇನ್ವರ್ಟರಿನಲ್ಲಿ 255 ಮುಟ್ಟಿ ಟಕ್ ಅಂದಾಗ ಮೀಟರಿನಲ್ಲಿ 247. ನಡುವಿನ ವೈರ್ 45 ಮೀಟರ್. ಸೋಲಾರ್ ಇರುವುದು ಅಡಿಕೆ ಕೊಟ್ಟಿಗೆ ಮೇಲೆ, ಮೀಟರ್ ಮನೆ ಮುಂದೆ. ವೈರ್ 2.5 ಸ್ಕ್ವೇರ್ ಎಂಎಂ.

ಇನ್ನೊಂದು ಗಮನಿಸಿದೆ. ಪಕ್ಕದ ಮನೆಯವರು ಅಡಿಕೆ ಸುಲಿಯುವ ಯಂತ್ರ ಓಡಿಸಿದ ದಿನ ನಮ್ಮ ಇನ್ವರ್ಟರ್ ಒಂದು ಸಲವೂ ನಿಲ್ಲಲಿಲ್ಲ.

ವೈರಿಂಗ್ ಮೇಸ್ತ್ರಿ
ಸಿಕ್ಕಿತು ನೋಡಿ! 8 ವೋಲ್ಟ್ ನಿಮ್ಮ ಮನೆಯೊಳಗೇ ಇದೆ. ಲೆಕ್ಕ ಹಾಕಿ. 3 ಕಿಲೋವ್ಯಾಟಿಗೆ ಸುಮಾರು 12 ಆಂಪ್ಸ್. 2.5ರ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ ದಾರಿ 90 ಮೀಟರ್, 0.67 ಓಮ್. ಗುಣಿಸಿದರೆ 8 ವೋಲ್ಟ್. ಅದೇ 10 ಸ್ಕ್ವೇರ್ ಎಂಎಂ ಹಾಕಿದ್ದರೆ 2 ವೋಲ್ಟ್ ಮಾತ್ರ. 12 ಆಂಪ್ಸಿಗೆ 2.5 ಸಾಕು, ವೈರ್ ಬಿಸಿಯಾಗುವುದಿಲ್ಲ ಅಂತ ಹಾಕಿದವರು ಯೋಚಿಸಿದ್ದಾರೆ. ವೋಲ್ಟೇಜ್ ಲೆಕ್ಕ ಹಾಕಿಲ್ಲ.

ಪಕ್ಕದ ಮನೆಯ ಯಂತ್ರ ಓಡಿದಾಗ ನಿಮ್ಮ ಕರೆಂಟು ಅಲ್ಲೇ ಖರ್ಚಾಗುತ್ತದೆ, ಟೀಸಿವರೆಗೆ ತಳ್ಳಬೇಕಾಗಿಲ್ಲ. ವೈರ್ ಬದಲಾಯಿಸುವವರೆಗೆ ನೀವೂ ಬಟ್ಟೆ ಒಗೆಯುವುದು, ಗೀಸರ್, ತೋಟದ ಪಂಪು ಎಲ್ಲ ಹನ್ನೊಂದರಿಂದ ಎರಡರೊಳಗೆ ಇಟ್ಟುಕೊಳ್ಳಿ.

ದಾವಣಗೆರೆ ಬೆಣ್ಣೆ
ವೈರ್ ಕತೆ ಗೊತ್ತಿರಲಿಲ್ಲ. ಪಕ್ಕದವರ ಸೆಟ್ಟಿಂಗ್ ವಾಪಸ್ ಹಾಕಿಸುತ್ತೇನೆ. ಆ ಲೈನ್‌ಮ್ಯಾನ್ ಮಾತು ಓದಿದ ಮೇಲೆ ನಿದ್ದೆ ಸರಿ ಬರಲಿಲ್ಲ.

ಕಂಬದ ಮಗ
ಧನ್ಯವಾದ ಅಣ್ಣ. ಅಪ್ಪನಿಗೆ ಓದಿ ಹೇಳಿದೆ.

ತೋಟದಮನೆ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕಂಪನಿಯವರ ಹತ್ತಿರ ಈ ಲೆಕ್ಕವನ್ನೇ ಹಾಳೆಯಲ್ಲಿ ಬರೆದು ತಗೊಂಡು ಹೋದೆ. ಒಂದು ಗಂಟೆ ವಾದ ಆಯಿತು, ಆಮೇಲೆ ಅರ್ಧ ಖರ್ಚು ಹಾಕಿಕೊಳ್ಳಲು ಒಪ್ಪಿದರು. 10 ಸ್ಕ್ವೇರ್ ಎಂಎಂ ಎಳೆದಾಯಿತು. ಪವರ್‌ಮ್ಯಾನ್ ಬಂದು ಮೂರೂ ಫೇಸ್ ಅಳೆದರು, ನ್ಯೂಟ್ರಲ್ ಗಟ್ಟಿ ಇದೆ. ಆದರೆ ಕಂಬದ ಮೇಲೆ ನಮ್ಮ ಸರ್ವೀಸ್ ವೈರಿನ ಜಂಪ್ (ಲೈನಿಗೆ ಕಟ್ಟಿದ ಜೋಡಣೆ) ತುಕ್ಕು ಹಿಡಿದು ಕಪ್ಪಾಗಿತ್ತು. ಕತ್ತರಿಸಿ ಹೊಸದಾಗಿ ಕಟ್ಟಿದರು. ನಮ್ಮದೇ ಫೇಸಿನಲ್ಲಿ ಇನ್ನೂ ಎರಡು ಮನೆಯ ಸೋಲಾರ್ ಇತ್ತು, ಪಂಪು ಜಾಸ್ತಿ ಇರುವ ಫೇಸಿಗೆ ನಮ್ಮನ್ನು ಬದಲಾಯಿಸಿದರು.

ನಿನ್ನೆ ಮಧ್ಯಾಹ್ನ 12:30ಕ್ಕೆ ಮೀಟರಿನಲ್ಲಿ 242, ಇನ್ವರ್ಟರಿನಲ್ಲಿ 244. ಟಕ್ ಇಲ್ಲ. ಸಂಜೆಗೆ 12.3 ಯೂನಿಟ್. ಸಂಜೆಯ ವೋಲ್ಟೇಜೂ 180ರಿಂದ 196ಕ್ಕೆ ಬಂದಿದೆ, ಮಿಕ್ಸಿ ತಿರುಗುತ್ತಿದೆ. ವೋಲ್ಟ್‌ವ್ಯಾಟ್ ಆನ್ ಮಾಡಲು ಅರ್ಜಿ ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

220 ಕೆವಿ ನಿವೃತ್ತ
ಆ ಅರ್ಜಿಯ ನಕಲು ಇಟ್ಟುಕೊಳ್ಳಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಹತ್ತಿರ ನೇರ ಹೋಗಿ.

ಕರಾವಳಿ ಕಾಗೆ
ನಮ್ಮ ಮನೆಯದು 30 ಮೀಟರ್, ವೈರ್ ಮೇಲೆ 4 ಅಂತ ಬರೆದಿದೆ, ಸೋಲಾರ್ 5 ಕಿಲೋವ್ಯಾಟ್ ಸಿಂಗಲ್ ಫೇಸ್. ಮೇಸ್ತ್ರಿ ಅಣ್ಣ, ಲೆಕ್ಕ ಹಾಕಿಕೊಡುತ್ತೀರಾ?

ವೈರಿಂಗ್ ಮೇಸ್ತ್ರಿ
20 ಆಂಪ್ಸ್ ಹಿಡಿಯಿರಿ, 4ಕ್ಕೆ ಕಿಲೋಮೀಟರಿಗೆ 4.6 ಓಮ್ ಹತ್ತಿರ, ದಾರಿ 60 ಮೀಟರ್. ಐದೂವರೆ ವೋಲ್ಟ್ ಬರುತ್ತದೆ. ಮೀಟರಿನಲ್ಲಿ ಎಷ್ಟಿದೆ ನೋಡಿ ಹೇಳಿ.

ಕರಾವಳಿ ಕಾಗೆ
ಇವತ್ತು ಮೋಡ. ನಾಳೆ ಬಿಸಿಲು ಬಂದರೆ 12 ಗಂಟೆಗೆ ಅಳೆದು ಹಾಕುತ್ತೇನೆ.